ಸೋಲಾರ್ ಸರಿ, ಜೊತೆಗೆ ಬ್ಯಾಟರಿನೂ ಬೇಕಾ? ಸಹಿ ಹಾಕೋ ಮೊದಲು ಈ ಲೆಕ್ಕ ನೋಡಿ

ಶಿವಮೊಗ್ಗ: "ಸೋಲಾರ್ ಹಾಕಿಸ್ಕೊಳ್ಳಿ, ಬಿಲ್ಲೂ ಝೀರೋ, ಕರೆಂಟ್ ಹೋದ್ರೂ ಚಿಂತೆ ಇಲ್ಲ." ಸೋಲಾರ್ ಮಾರುವವರ ಈ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಒಂದಾಗಿಬಿಟ್ಟಿವೆ. ಬಿಲ್ ಇಳಿಸೋದು ಪ್ಯಾನೆಲ್. ಕತ್ತಲೆ ತಪ್ಪಿಸೋದು ಬ್ಯಾಟರಿ. ಎರಡಕ್ಕೂ ದುಡ್ಡು ಬೇರೆ, ಲೆಕ್ಕವೂ ಬೇರೆ.

ಮೊದಲು ಸಬ್ಸಿಡಿ ವಿಷಯ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ. ಸಿಗುತ್ತದೆ. ಒಟ್ಟು ಮಿತಿ 78,000 ರೂ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಯೋಜನೆಯ ಅವಧಿ 2026-27ರವರೆಗೆ. ದೇಶದಲ್ಲೇ ತಯಾರಾದ ಪ್ಯಾನೆಲ್ ಇರಬೇಕು, ಮೀಟರ್ ಯಾರ ಹೆಸರಲ್ಲಿದೆಯೋ ಅವರ ಹೆಸರಲ್ಲೇ ಅರ್ಜಿ ಹೋಗಬೇಕು. ತೀರಿಕೊಂಡ ಅಪ್ಪನ ಹೆಸರಲ್ಲೇ ಇನ್ನೂ ಆರ್‌.ಆರ್‌. ನಂಬರ್ ಇಟ್ಟುಕೊಂಡವರು ಮೊದಲು ಮೆಸ್ಕಾಂ ಕಚೇರಿಗೆ ಹೋಗಿ ಅದನ್ನು ಸರಿ ಮಾಡಿಸಿಕೊಳ್ಳಲಿ. ಈ ದುಡ್ಡು ಪ್ಯಾನೆಲ್ ವ್ಯವಸ್ಥೆಗೆ ಮಾತ್ರ, ಬ್ಯಾಟರಿ ಖರ್ಚು ಪೂರ್ತಿ ನಿಮ್ಮದೇ.

ಹಾಗೆ ಹಾಕಿಸುವ ಪ್ಯಾನೆಲ್ ಸಾಮಾನ್ಯವಾಗಿ ಆನ್-ಗ್ರಿಡ್. ಅಂದರೆ ಮೆಸ್ಕಾಂ ಲೈನ್ ಜೊತೆ ಸೇರಿಕೊಂಡೇ ಕೆಲಸ ಮಾಡುವಂಥದ್ದು. ಹಗಲು ಉಳಿದ ಕರೆಂಟ್ ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದಾಗ ಅಲ್ಲಿಂದ ಬರುತ್ತದೆ, ಮೀಟರ್ ಎರಡನ್ನೂ ಲೆಕ್ಕ ಇಡುತ್ತದೆ. ಆದರೆ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಇದೂ ಬಂದ್! ಮಟಮಟ ಮಧ್ಯಾಹ್ನ, ಸುಡು ಬಿಸಿಲಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಎಂದೇ ಇನ್ವರ್ಟರ್ ತಾನಾಗಿ ನಿಲ್ಲುವ ಹಾಗೆ ಮಾಡಿರುತ್ತಾರೆ. ಇದನ್ನು ಮಾರುವಾಗಲೇ ಹೇಳಿದರೆ ಎಷ್ಟೋ ಜಗಳ ತಪ್ಪುತ್ತದೆ.

ಇನ್ನು ಬಿಲ್. ಗೃಹಜ್ಯೋತಿಯಲ್ಲಿ ಈಗಾಗಲೇ ಝೀರೋ ಬಿಲ್ ಬರುತ್ತಿರುವ ಮನೆಗೆ ಪ್ಯಾನೆಲ್‌ನಿಂದ ಉಳಿತಾಯ ಏನು? ಏನೂ ಇಲ್ಲ. ಸೊನ್ನೆಯನ್ನು ಇನ್ನೂ ಇಳಿಸೋಕೆ ಆಗಲ್ಲ. ಸಬ್ಸಿಡಿ ಸಿಗುತ್ತದೆ ಅನ್ನೋದೊಂದೇ ಕಾರಣಕ್ಕೆ ಸಾಲ ಮಾಡಿ ಹಾಕಿಸುವ ಅಗತ್ಯ ಇಲ್ಲ.

ತಿಂಗಳಿಗೆ 200 ಯುನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರ ಕಥೆ ಬೇರೆ. 280 ಯುನಿಟ್ ಉರಿಸುವ ಮನೆ ಎಂದುಕೊಳ್ಳಿ. ಒಂದು ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಸುಮಾರು 4 ಯುನಿಟ್ ಕೊಡುತ್ತದೆ. ಮಳೆಗಾಲ ಹಿಡಿದು ಸರಾಸರಿ ನೋಡಿದರೆ ಎರಡು ಕಿಲೋವ್ಯಾಟ್‌ನಿಂದ ತಿಂಗಳಿಗೆ 200 ಯುನಿಟ್ ಅಂದಾಜು. ಯುನಿಟ್‌ಗೆ ತೆರಿಗೆ ಸೇರಿ ಆರೂವರೆ ರೂಪಾಯಿ ಹಿಡಿದರೆ ತಿಂಗಳಿಗೆ 1,300 ರೂ. ಉಳಿಯಿತು. ಖರ್ಚು 1.3 ಲಕ್ಷ, ಸಬ್ಸಿಡಿ 60,000 ಕಳೆದರೆ ಕೈಯಿಂದ 70,000. ನಾಲ್ಕೂವರೆ ವರ್ಷದಲ್ಲಿ ದುಡ್ಡು ವಾಪಸ್. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತದೆ. ಇದು ಒಳ್ಳೆಯ ವ್ಯವಹಾರವೇ. ನಿಗದಿತ ಶುಲ್ಕ ಮಾತ್ರ ಪ್ರತಿ ತಿಂಗಳು ಬರುತ್ತಲೇ ಇರುತ್ತದೆ. ಬೇಕಾದ್ದಕ್ಕಿಂತ ದೊಡ್ಡದು ಹಾಕಿಸಿ ಕರೆಂಟ್ ಮಾರಿ ದುಡ್ಡು ಮಾಡುತ್ತೇನೆ ಅನ್ನೋ ಆಸೆಯೂ ಬೇಡ, ಹೆಚ್ಚುವರಿ ಯುನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ.

ಇದಕ್ಕೇ ಒಂದು ಲಕ್ಷ ರೂಪಾಯಿಯ ಲಿಥಿಯಂ ಬ್ಯಾಟರಿ ಸೇರಿಸಿದರೆ? ದಿನಕ್ಕೆ 4 ಯುನಿಟ್ ಬಳಸಿದರೂ, ಹತ್ತು ವರ್ಷ ಬಾಳಿಕೆ ಬಂದರೂ, ಸಂಗ್ರಹದ ಖರ್ಚೇ ಯುನಿಟ್‌ಗೆ ಸುಮಾರು 7 ರೂ. ಬೀಳುತ್ತದೆ. ಮೆಸ್ಕಾಂ ಕರೆಂಟಿಗಿಂತ ದುಬಾರಿ! ವರ್ಷಕ್ಕೆ 40 ದಿನ ಮಾತ್ರ, ಕರೆಂಟ್ ಹೋದಾಗಷ್ಟೇ ಬಳಸಿದರೆ ಯುನಿಟ್‌ಗೆ 60 ರೂ. ದಾಟುತ್ತದೆ. ಲೈನೇ ಪುಕ್ಕಟೆ ಬ್ಯಾಟರಿ ಥರ ಕೆಲಸ ಮಾಡುವಾಗ ಬಿಲ್ ಉಳಿಸೋಕೆ ಅಂತ ಇನ್ನೊಂದು ಬ್ಯಾಟರಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಬ್ಯಾಟರಿಗೆ ಕೊಡುವ ದುಡ್ಡು ಕತ್ತಲೆ ತಪ್ಪಿಸಲು ಕೊಡುವ ದುಡ್ಡು, ಅಷ್ಟೇ.

ಆ ಕತ್ತಲೆ ಎಷ್ಟು ಹೊತ್ತಿನದು ಅನ್ನೋದು ಮುಖ್ಯ. ಶಿವಮೊಗ್ಗ, ಭದ್ರಾವತಿ ಪೇಟೆಗಳಲ್ಲಿ ಕರೆಂಟ್ ಹೋದರೆ ಒಂದೆರಡು ತಾಸು. ಅದಕ್ಕೆ ಮಾಮೂಲಿ ಇನ್ವರ್ಟರ್, 150 ಎಎಚ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿ ಸಾಕು. ಎರಡು ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬ್, ವೈಫೈ ಇಷ್ಟನ್ನು ನಾಲ್ಕೈದು ತಾಸು ಎಳೆಯುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕೋದು ಮರೀಬಾರದು.

ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳಲ್ಲಿ ಹಾಗಲ್ಲ. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಶರಾವತಿಯಲ್ಲಿ 1,035 ಮೆಗಾವ್ಯಾಟ್ ಉತ್ಪಾದಿಸಿ ರಾಜ್ಯಕ್ಕೆ ಕೊಡುವ ಜಿಲ್ಲೆಯ ಪಾಡು ಇದು! ಅಲ್ಲಿ ಮಾಮೂಲಿ ಇನ್ವರ್ಟರ್ ಮೊದಲ ರಾತ್ರಿಯೇ ಸುಮ್ಮನಾಗುತ್ತದೆ, ಮತ್ತೆ ಚಾರ್ಜ್ ಮಾಡೋಕೆ ಲೈನೇ ಇಲ್ಲವಲ್ಲ. ಪ್ಯಾನೆಲ್ ಜೊತೆ ಬ್ಯಾಟರಿ ನಿಜವಾಗಿ ಉಪಯೋಗಕ್ಕೆ ಬರೋದು ಇಂಥ ಮನೆಗಳಿಗೇ. ಮೋಡದ ದಿನವೂ ಒಂದು ಕಿಲೋವ್ಯಾಟ್ ಪ್ಯಾನೆಲ್‌ನಿಂದ ಒಂದು ಯುನಿಟ್ ಸಿಕ್ಕರೆ ದೀಪ, ಮೊಬೈಲ್, ವೈಫೈಗೆ ತೊಂದರೆ ಇಲ್ಲ. ಪಂಪು, ಗೀಸರ್, ಮಿಕ್ಸಿ ಎಲ್ಲವನ್ನೂ ಅದಕ್ಕೆ ಹಾಕಿದರೆ ಮಾತ್ರ ಕೆಟ್ಟಿತು. ಅಡಿಕೆ ಮರದ ನೆರಳನ್ನೂ ನೋಡಿಕೊಳ್ಳಬೇಕು. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆ. ಹಂಚಿನ ಮನೆಯಾದರೆ ಕಬ್ಬಿಣದ ಸ್ಟ್ಯಾಂಡಿನ ಖರ್ಚು ಬೇರೆ, ಮಂಗಗಳ ಕಾಟವಂತೂ ಇದ್ದೇ ಇದೆ.

ಅಂಗಡಿಯವರಿಗೆ ಸೂರ್ಯಘರ್ ಸಬ್ಸಿಡಿ ಇಲ್ಲ, ಅದು ಮನೆ ಮೀಟರಿಗೆ ಮಾತ್ರ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದು ಮೀಟರ್ ಬೇರೆ ಬೇರೆ ಆಗಿದ್ದರೆ ಮನೆ ಸೋಲಾರ್‌ನಿಂದ ಅಂಗಡಿ ಬಿಲ್ ಇಳಿಯುವುದಿಲ್ಲ. ಆದರೂ ವಾಣಿಜ್ಯ ದರ ಹೆಚ್ಚಿರುವುದರಿಂದ, ವ್ಯಾಪಾರ ನಡೆಯೋದೂ ಹಗಲೇ ಆಗಿರುವುದರಿಂದ, ಝೆರಾಕ್ಸ್, ಟೈಲರಿಂಗ್‌ನಂಥವರಿಗೆ ಬ್ಯಾಟರಿ ಇಲ್ಲದ ಪ್ಯಾನೆಲ್ ಲೆಕ್ಕಕ್ಕೆ ಬರಬಹುದು. ಮೆಡಿಕಲ್ ಶಾಪಿನವರದು ಬೇರೆ ವಿಷಯ. ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೇ ಇರಬೇಕು, ಒಂದು ಫ್ರಿಜ್ ಮಾಲು ಕೆಟ್ಟರೆ ಆಗುವ ನಷ್ಟವನ್ನು ಬ್ಯಾಟರಿ ಬೆಲೆ ಪಕ್ಕದಲ್ಲಿಟ್ಟು ನೋಡಬೇಕು. ಐಸ್‌ಕ್ರೀಮ್ ಫ್ರೀಜರ್ ಇಟ್ಟವರದೂ ಅದೇ ಲೆಕ್ಕ.

ಕೊಟೇಶನ್ ಕೇಳುವಾಗ ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ ಮೂರರ ಬೆಲೆ ಮತ್ತು ವಾರಂಟಿಯನ್ನು ಬೇರೆ ಬೇರೆ ಬರೆಸಿಕೊಳ್ಳಿ. ರಿಪೇರಿಗೆ ಯಾವ ಊರಿಂದ ಜನ ಬರುತ್ತಾರೆ ಅನ್ನೋದನ್ನೂ ಅದರಲ್ಲೇ ಬರೆಸಿ.