ಮೀಸಲು ಪಡೆಯ ಮಾನದಂಡ: ಸಡಿಲಿಕೆ ಕೇಳುವವರಿಗೆ ಒಂದು ಉತ್ತರ

ಕಳೆದ ತಿಂಗಳು ನಮ್ಮ ನರಗುಂದ ತಾಲೂಕಿನ ಒಂದು ಸನ್ಮಾನ ಸಮಾರಂಭದಲ್ಲಿ ವೇದಿಕೆಯ ಮೇಲಿದ್ದ ಹಿರಿಯರೊಬ್ಬರು, ಟೆರಿಟೋರಿಯಲ್ ಆರ್ಮಿಯ ಪಡೆಗಳನ್ನು ಹೆಚ್ಚಿಸಬೇಕು, ಬಯಲುಸೀಮೆಯ ನಮ್ಮ ಹುಡುಗರಿಗೆ ಓಟದಲ್ಲಿಯೂ ದೇಹದಾರ್ಢ್ಯದಲ್ಲಿಯೂ ಸಡಿಲಿಕೆ ಕೊಡಬೇಕು ಎಂದರು. ಚಪ್ಪಾಳೆ ಬಿತ್ತು. ಮಾತಿನ ಮೊದಲರ್ಧಕ್ಕೆ ನಾನೂ ಚಪ್ಪಾಳೆ ತಟ್ಟಿದೆ. ಎರಡನೆಯ ಅರ್ಧಕ್ಕೆ ಅಂದೇ ಉತ್ತರ ಕೊಡಬೇಕಿತ್ತು. ವಂದನಾರ್ಪಣೆಯ ಹೊಣೆ ನನ್ನ ಮೇಲಿದ್ದುದರಿಂದ ಸುಮ್ಮನಾದೆ. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ಬರಹ.

ಪಡೆ ಬೆಳೆಯಬೇಕೆಂಬುದರಲ್ಲಿ ವಿವಾದವಿಲ್ಲ. 2025ರ ಮೇ ತಿಂಗಳಲ್ಲಿ ಗಡಿ ಉರಿಯುತ್ತಿದ್ದಾಗ, ಈ ಸೇನೆಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಇರುವ 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ಸಕ್ರಿಯ ಸೇವೆಗೆ ಇಳಿಸಲು ಒಪ್ಪಿತು. 1949ರಲ್ಲಿ ರಾಜಗೋಪಾಲಾಚಾರಿಯವರು ಉದ್ಘಾಟಿಸಿದ ಈ ನಾಗರಿಕ ಸೇನೆಯು ಕೇವಲ ಮೆರವಣಿಗೆಯ ಅಲಂಕಾರವಲ್ಲವೆಂದು ಆಗ ಅನೇಕರಿಗೆ ಮೊದಲ ಬಾರಿ ತಿಳಿಯಿತು. ನಮ್ಮ ರಾಜ್ಯದಲ್ಲಿಯೇ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿಗೆ ಸೇರಿದ 115ನೆಯ ಬೆಟಾಲಿಯನ್ ಇದೆ. ಬೆಂಗಳೂರಿನಲ್ಲಿ ಪ್ಯಾರಾಶೂಟ್ ರೆಜಿಮೆಂಟಿಗೆ ಸೇರಿದ 106ನೆಯದು. ಎರಡನೆಯದು ಮೀಸಲು ಪಡೆಗಳಲ್ಲಿಯೇ ಆಯ್ದ ಪಡೆ. ಇಂತಹವು ಇನ್ನೂ ನಾಲ್ಕು ಬರಲಿ.

ಆದರೆ ಒಂದು ಸರಳ ಲೆಕ್ಕವನ್ನು ಆ ಹಿರಿಯರು ಮರೆತರು. ಖಾಯಂ ಸೈನಿಕ ವರ್ಷವಿಡೀ ಪಳಗುತ್ತಾನೆ. ಭರ್ತಿಯ ದಿನ ಅವನಲ್ಲಿದ್ದ ಕೊರತೆಯನ್ನು ರೆಜಿಮೆಂಟು ಮೂರು ವರ್ಷಗಳಲ್ಲಿ ತುಂಬಿಕೊಡಬಹುದು. ಮೀಸಲು ಪದಾತಿಯ ಸೈನಿಕನಿಗೆ ವಾಡಿಕೆಯಾಗಿ ಸಿಗುವುದು ವರ್ಷಕ್ಕೆ ಎರಡು ತಿಂಗಳ ತರಬೇತಿ. ಉಳಿದ ಹತ್ತು ತಿಂಗಳು ಅವನು ಗುಮಾಸ್ತ, ರೈತ, ಅಂಗಡಿಕಾರ. ಕೊರತೆ ತುಂಬಿಕೊಳ್ಳಲು ಅವನಿಗೆ ಕಾಲವೇ ಇಲ್ಲ. ಆದುದರಿಂದ ಖಾಯಂ ಸೇನೆಯಲ್ಲಿ ಮಾನದಂಡ ಇಳಿಸಿದರೆ ಆಗುವ ಹಾನಿಗಿಂತ ಮೀಸಲು ಪಡೆಯಲ್ಲಿ ಇಳಿಸಿದರೆ ಆಗುವ ಹಾನಿ ದೊಡ್ಡದು. ‘ಅರೆಕಾಲಿಕರಿಗೆ ಅರೆ ಮಾನದಂಡ ಸಾಕು’ ಎಂಬುದು ಕೇಳಲು ಹಿತವಾದ, ಆದರೆ ತಲೆಕೆಳಗಾದ ತರ್ಕ.

106ನೆಯ ಪಡೆಯ ಒಂದು ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದು. ಕ್ರಿಕೆಟಿಗ ಮಹೇಂದ್ರಸಿಂಗ್ ಧೋನಿಯವರಿಗೆ 2011ರಲ್ಲಿ ಅದರ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಬಂತು. ಪದವಿ ಗೌರವಾರ್ಥದ್ದೇ, ಆದರೆ ಪ್ಯಾರಾಶೂಟಿನ ರೆಕ್ಕೆಯ ಲಾಂಛನ ಗೌರವಾರ್ಥವಾಗಿ ಸಿಗಲಿಲ್ಲ. ಅದಕ್ಕಾಗಿ 2015ರಲ್ಲಿ ಆಗ್ರಾಕ್ಕೆ ಹೋಗಿ ಐದು ಬಾರಿ ವಿಮಾನದಿಂದ ಜಿಗಿಯಬೇಕಾಯಿತು. ವಿಶ್ವಕಪ್ ಗೆದ್ದ ನಾಯಕನಿಗೆ ಇಲ್ಲದ ಸಡಿಲಿಕೆಯನ್ನು ನಾವು ಯಾವ ಹಕ್ಕಿನಿಂದ ಕೇಳುತ್ತೇವೆ?

ಈ ಜಿಜ್ಞಾಸೆ ಕನ್ನಡನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿ, ಪಂಪನ ಆಶ್ರಯದಾತನಾದ ಅರಿಕೇಸರಿಯ ವಂಶದವರ ನೆಲದಲ್ಲಿ ಕುಳಿತು ‘ಯಶಸ್ತಿಲಕ’ವನ್ನು ಮುಗಿಸಿದವನು, ತನ್ನ ‘ನೀತಿವಾಕ್ಯಾಮೃತ’ದಲ್ಲಿ ಸೇನೆಯ ಕುರಿತು ಬರೆಯುತ್ತ ತಲೆಗಳ ಗುಂಪಿಗಿಂತ ಸತ್ತ್ವವುಳ್ಳ ಚಿಕ್ಕ ಪಡೆಯೇ ಮೇಲೆನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ಸತ್ತ್ವಹೀನರು ಮುರಿದು ಓಡಿದಾಗ ಸತ್ತ್ವಶಾಲಿಗಳ ಸಾಲೂ ಮುರಿಯುತ್ತದೆಂಬ ಎಚ್ಚರಿಕೆಯನ್ನೂ ಸೇರಿಸುತ್ತಾನೆ. ಅಹಿಂಸೆಯ ವ್ರತಿಗೆ ಯುದ್ಧದ ಮಾತೇಕೆ ಎಂದು ಮೂಗು ಮುರಿಯುವವರು ಆ ಎರಡನೆಯ ಮಾತನ್ನು ಮತ್ತೊಮ್ಮೆ ಓದಬೇಕು. ಅಲ್ಲಿರುವುದು ವ್ಯರ್ಥವಾಗಿ ಸಾಯುವವರ ಬಗೆಗಿನ ಕಾಳಜಿ.

ಹಾಗಾದರೆ ಸಂಖ್ಯೆ ಬೆಳೆಸುವುದು ಹೇಗೆ? ವಿಜಯನಗರದ ಇಮ್ಮಡಿ ದೇವರಾಯನ ಉದಾಹರಣೆ ನನಗೆ ಸದಾ ಹಿಡಿಸುತ್ತದೆ. ಬಹಮನಿಗಳೆದುರು ಪದೇಪದೇ ಸೋಲುತ್ತಿರುವುದೇಕೆಂದು ಅವನು ತನ್ನವರನ್ನು ಕೇಳಿದನೆಂದೂ, ಅವರ ಕುದುರೆಗಳೂ ಬಿಲ್ಲುಗಾರರೂ ನಮ್ಮವರಿಗಿಂತ ಮಿಗಿಲೆಂಬ ಉತ್ತರ ಬಂತೆಂದೂ ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ರಾಯ ಬಿಲ್ಲುಗಾರಿಕೆಯ ಅಳತೆಯನ್ನು ತನ್ನವರಿಗೆ ಹೊಂದುವಂತೆ ತಗ್ಗಿಸಲಿಲ್ಲ. ಮುಸಲ್ಮಾನ ಬಿಲ್ಲುಗಾರರನ್ನು ಸೇರಿಸಿಕೊಂಡ, ಅವರಿಗೆ ಜಹಗೀರು ಕೊಟ್ಟ, ಮಸೀದಿ ಕಟ್ಟಿಸಿದ, ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ. ಅನಂತರ ಅದೇ ವಿದ್ಯೆಯನ್ನು ತನ್ನ ಹಿಂದೂ ಸೈನಿಕರಿಗೂ ಕಲಿಸಿದ. ಫಿರಿಷ್ತಾ ಕೊಡುವ ಲೆಕ್ಕದಂತೆ ಎರಡು ಸಾವಿರ ಮುಸಲ್ಮಾನರೊಡನೆ ಅರವತ್ತು ಸಾವಿರ ಹಿಂದೂ ಬಿಲ್ಲುಗಾರರು ಸಿದ್ಧರಾದರು. ಆ ಅಂಕಿಯಲ್ಲಿ ಉತ್ಪ್ರೇಕ್ಷೆ ಇದ್ದೀತು. 1443ರ ಯುದ್ಧವನ್ನು ರಾಯ ಗೆಲ್ಲಲೂ ಇಲ್ಲ. ಆದರೂ ಕ್ರಮ ಸರಿಯಾಗಿತ್ತು: ಮೊದಲು ಗುರು, ಆಮೇಲೆ ಶಿಕ್ಷಣ, ಕೊನೆಗೆ ಸಂಖ್ಯೆ. ನಾವು ಬಯಸುತ್ತಿರುವುದು ಮೊದಲೇ ಸಂಖ್ಯೆ.

ಇಲ್ಲೊಂದು ಆಕ್ಷೇಪವನ್ನು ಎದುರಿಸಲೇಬೇಕು. ಮಾನದಂಡದ ಹೆಸರಿನಲ್ಲಿ ಬಾಗಿಲು ಮುಚ್ಚಿದ ಇತಿಹಾಸವೂ ನಮ್ಮದೇ ಅಲ್ಲವೇ? ಹೌದು. ಬ್ರಿಟಿಷರು ‘ಯೋಧ ಜನಾಂಗ’ವೆಂಬ ಸಿದ್ಧಾಂತ ಕಟ್ಟಿ, ತಲೆಮಾರುಗಳ ಕಾಲ ತಮಗಾಗಿ ಕಾದಾಡಿದ್ದ ಮಹಾರರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೇನೆಯಿಂದ ದೂರವಿಟ್ಟರು. ಮೊದಲ ಮಹಾಯುದ್ಧದಲ್ಲಿ ಬೇಕಾದಾಗ ಕರೆದು, ಮುಗಿದಾಗ ಪಡೆಯನ್ನೇ ವಿಸರ್ಜಿಸಿದರು. ಮಹಾರ್ ರೆಜಿಮೆಂಟು ಹುಟ್ಟಿದ್ದು 1941ರಲ್ಲಿ, ಬೆಳಗಾವಿಯಲ್ಲಿಯೇ. ಆದರೆ ಅಂದು ಕಿತ್ತೊಗೆದದ್ದು ಜಾತಿಯ ಅಡ್ಡಗೋಡೆಯನ್ನು, ಓಟದ ಗಡಿಯಾರವನ್ನಲ್ಲ. ಹುಟ್ಟನ್ನು ಅಳೆಯುವುದು ಮಾನದಂಡವೇ ಅಲ್ಲ. ಆ ನೆನಪನ್ನು ಗುರಾಣಿಯಾಗಿ ಹಿಡಿದು ದೈಹಿಕ ಸಡಿಲಿಕೆ ಬೇಡುವುದು, ಆ ರೆಜಿಮೆಂಟಿನವರು ಎಲ್ಲರ ಸಮಕ್ಕೆ ನಿಂತು ಗಳಿಸಿದ್ದನ್ನು ಅವಮಾನಿಸಿದಂತೆ.

ಇನ್ನು ನಮ್ಮ ಊರಿನ ಮಾತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್‌ಸನ್‌ನ ವಧೆಯಾಯಿತು. ಅವನ ರುಂಡ ನರಗುಂದಕ್ಕೆ ಬಂತು. ಜೂನ್ ಮೊದಲ ದಿನಗಳಲ್ಲಿ ಕರ್ನಲ್ ಮಾಲ್ಕಮ್‌ನ ಪಡೆ ಬಂದಾಗ ಊರ ಹೊರಗಿನ ಕದನ ಹೆಚ್ಚು ಹೊತ್ತು ನಡೆಯಲಿಲ್ಲ. ಈ ಸೀಮೆಯಲ್ಲೇ ಬಲಿಷ್ಠವೆನಿಸಿದ್ದ ಗುಡ್ಡದ ಕೋಟೆ ಕಾದಾಟವಿಲ್ಲದೆ ಬರಿದಾಯಿತು. ಜೂನ್ 12ರಂದು ಬಾಬಾಸಾಹೇಬ ಭಾವೆಯವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಆರಂಭದಿಂದ ಅಂತ್ಯಕ್ಕೆ ಎರಡೇ ವಾರ. ನಾವು ಪ್ರತಿವರ್ಷ ಭಾಷಣಗಳಲ್ಲಿ ಈ ಕಥೆಯ ಶೌರ್ಯವನ್ನಷ್ಟೇ ಹೇಳಿ ಮುಗಿಸುತ್ತೇವೆ. ಶೌರ್ಯಕ್ಕೆ ಕೊರತೆ ಇರಲಿಲ್ಲವೆಂಬುದು ನಿಜ. ಇಲ್ಲದಿದ್ದುದು ಸಿದ್ಧತೆ. ತರಾತುರಿಯಲ್ಲಿ ನೆರೆದವರು ಪಳಗಿದ ಸೈನ್ಯದೆದುರು ಎಷ್ಟು ಹೊತ್ತು ನಿಂತಾರು? ಆ ಗುಡ್ಡದ ನೆರಳಿನಲ್ಲಿ ನಿಂತು ‘ತಯಾರಿ ಕಡಿಮೆಯಾದರೂ ನಡೆದೀತು’ ಎನ್ನುವವರ ಧೈರ್ಯಕ್ಕೆ ನಾನು ಬೆರಗಾಗುತ್ತೇನೆ.

ಹುಡುಗರು ಏನೆನ್ನುತ್ತಾರೆಂದು ಅವರನ್ನೇ ಯಾರೂ ಕೇಳಿಲ್ಲ. ನಸುಕಿನ ನಾಲ್ಕೂವರೆಗೆ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಬೆಳಕಿನಲ್ಲಿ ಓಡುವವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ. ಸೇನಾ ಭರ್ತಿಯ 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದಲ್ಲಿ ಮುಗಿಸಿದರೆ ಪೂರ್ಣ ಅಂಕ. ಈಗ ಅಗ್ನಿವೀರರ ಭರ್ತಿಯಲ್ಲಿ ಆರೂಕಾಲು ನಿಮಿಷದವರೆಗೂ ಅವಕಾಶವಿದೆ, ಅಂಕ ಮಾತ್ರ ತೀರ ಕಡಿಮೆ. ಈ ಏರ್ಪಾಡಿಗೆ ನನ್ನ ತಕರಾರಿಲ್ಲ. ನಿಧಾನಿಯನ್ನು ಅದು ವೇಗಿಯೆಂದು ಕರೆಯುವುದಿಲ್ಲ. ಕಳೆದ ಸಲ ಕೆಲವೇ ಸೆಕೆಂಡುಗಳಲ್ಲಿ ತಪ್ಪಿಸಿಕೊಂಡ ಹುಡುಗನೊಬ್ಬನನ್ನು ಸಮಾರಂಭದ ಮರುದಿನ ಮಾತನಾಡಿಸಿದೆ. ಸಡಿಲಿಕೆಯ ಸುದ್ದಿಗೆ ಅವನು ನಕ್ಕ. ಅವನಿಗೆ ಬೇಕಾದದ್ದು ಕಲ್ಲಿಲ್ಲದ ನಾನೂರು ಮೀಟರಿನ ಒಂದು ಸುತ್ತು, ವಾರಕ್ಕೆರಡು ದಿನ ಬಂದು ತಿದ್ದುವ ಒಬ್ಬ ನಿವೃತ್ತ ಸುಬೇದಾರ, ಮೊಟ್ಟೆಗೋ ಶೇಂಗಾಕ್ಕೋ ಒಂದಿಷ್ಟು ಹಣ. ವೇದಿಕೆಯ ಮೇಲಿದ್ದವರು ಮನಸ್ಸು ಮಾಡಿದರೆ ದೀಪಾವಳಿಯೊಳಗೆ ಒದಗಿಸಬಹುದಾದಷ್ಟೇ. ದೆಹಲಿಗೆ ಮನವಿ ಬರೆಯುವ ಮುನ್ನ ಅದೊಂದು ಅರ್ಜಿಗೆ ಅವರು ಉತ್ತರಿಸಲಿ.