ಸಿಸ್ಟರ್ ಸೊಂಟಕ್ಕೂ ನೋವಾಗುತ್ತೆ

ಸೊಂಟ ನೋವು ಅಂತ ನೀವು ಆಸ್ಪತ್ರೆಗೆ ಬರ್ತೀರಿ. ಇಂಜೆಕ್ಷನ್ ಕೊಡುವ ಸಿಸ್ಟರ್‌ಗೂ ಸೊಂಟ ನೋವು ಇರಬಹುದು ಅಂತ ಯಾರಿಗೂ ಹೊಳೆಯೋದಿಲ್ಲ. ನಾನೂ ಅಂಥ ಒಬ್ಬ ಸಿಸ್ಟರ್. ಮನೆ ನಂಜನಗೂಡಿನಲ್ಲಿ, ಕೆಲಸ ಟಿ. ನರಸೀಪುರದ ಕಡೆ.

ಒಂದು ಸಣ್ಣ ಲೆಕ್ಕ ನೋಡಿ. 60 ಕೆ.ಜಿ. ತೂಕದ ಅಜ್ಜನನ್ನು ಸ್ಟ್ರೆಚರ್‌ನಿಂದ ಮಂಚಕ್ಕೆ ಬದಲಾಯಿಸಬೇಕು. ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕೆ.ಜಿ.ಗಿಂತ ಹೆಚ್ಚು ಭಾರ ಬೀಳಬಾರದು ಅನ್ನುತ್ತದೆ ಅಮೆರಿಕದ ನಿಯಾಶ್ ಸಂಸ್ಥೆ. ಅಂದರೆ ನಾಲ್ಕು ಜನ ಬೇಕು. ನೈಟ್ ಡ್ಯೂಟಿಯಲ್ಲಿ ಇರೋದು ನಾನು ಮತ್ತು ಒಬ್ಬ ಆಯಾ! ಅಕ್ಕಿ ಮೂಟೆಯಾದರೆ ಮೂಲೆ ಹಿಡಿದು ಎತ್ತಬಹುದು. ರೋಗಿ ನೋವಿಗೆ ಮಿಸುಕುತ್ತಾರೆ, ಭಯಕ್ಕೆ ನಮ್ಮ ಕುತ್ತಿಗೆಗೇ ಜೋತು ಬೀಳುತ್ತಾರೆ. ಬಾಗಿದ ಸೊಂಟ ಆ ಹೊತ್ತಿಗೆ ತಿರುಚಿದರೆ ಮುಗೀತು.

ಆಶಾ ಕಾರ್ಯಕರ್ತೆಯರದು ಇನ್ನೊಂದು ಬಗೆ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು 1,000 ಜನರಿಗೆ ಒಬ್ಬ ಆಶಾ. ಹೆಗಲಿಗೆ ಬ್ಯಾಗು, ಕೈಯಲ್ಲಿ ರಿಜಿಸ್ಟರು, ಮನೆಯಿಂದ ಮನೆಗೆ ನಡಿಗೆ. ಸಂಜೆ ಮನೆ ಸೇರಿದರೆ ನೀರು, ಪಾತ್ರೆ, ದನದ ಕೆಲಸ ಕಾದಿರುತ್ತೆ. ಬೆನ್ನಿಗೆ ರಜಾ ಎಲ್ಲಿ?

2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟ ನೋವಿತ್ತು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ನಮ್ಮವರು ಬಾಯಿಬಿಡೋದು ಕಮ್ಮಿ. "ನಿಮಗೇ ಹಿಂಗಾದ್ರೆ ನಮ್ಮ ಗತಿ ಏನವ್ವಾ?" ಅಂತ ಜನ ನಗ್ತಾರೆ. ಗುತ್ತಿಗೆಯಲ್ಲಿ ಇರುವವರಿಗೆ ಕೆಲಸ ಹೋದೀತು ಅನ್ನುವ ಭಯ. ಹಾಗಾಗಿ ಒಂದು ನೋವಿನ ಮಾತ್ರೆ ನುಂಗಿ ಮತ್ತೆ ವಾರ್ಡಿಗೆ. ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಿಬ್ಬಂದಿ ಹೆಚ್ಚಿಸೋದು, ಎತ್ತರ ಹೊಂದಿಸುವ ಮಂಚ ಕೊಡೋದು ಸರ್ಕಾರದ, ಆಡಳಿತದ ಕೆಲಸ. ಅದನ್ನು ನಾವು ಕೇಳುತ್ತಲೇ ಇರಬೇಕು. ನಿಮ್ಮಿಂದ ಆಗುವುದೂ ಇದೆ. ಅಪ್ಪನನ್ನೋ ಅಜ್ಜಿಯನ್ನೋ ಕರೆತಂದಾಗ ಫೋನ್ ಹಿಡಿದು ಪಕ್ಕಕ್ಕೆ ಸರಿಯಬೇಡಿ. "ಎಲ್ಲಿ ಹಿಡೀಲಿ ಸಿಸ್ಟರ್?" ಅಂತ ಕೇಳಿ. ಕೆಳಗೆ ಹಾಸಿದ ಬೆಡ್‌ಶೀಟನ್ನು ಎರಡೂ ಕಡೆ ಹಿಡಿದು, ಒಂದು-ಎರಡು-ಮೂರು ಎಣಿಸಿ ಒಟ್ಟಿಗೆ ಜರುಗಿಸಿ. ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಇಟ್ಟುಕೊಳ್ಳಿ. ರೋಗಿಗೆ ಕೈಕಾಲಿನಲ್ಲಿ ಶಕ್ತಿ ಇದ್ದರೆ ಅವರೂ ಒತ್ತು ಕೊಡಲಿ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೂ ಇದೇ ಪಾಠ.

ನನ್ನ ಜೊತೆಯವರಿಗೆ ಒಂದು ಮಾತು: ಮಾಮೂಲಿ ಸೊಂಟ ನೋವಿಗೆ ದಿನಗಟ್ಟಲೆ ಮಲಗಬೇಡಿ, ಆದಷ್ಟು ಓಡಾಡಿ. ಆದರೆ ಕಾಲಿನ ಬಲ ಕುಂದಿದರೆ, ತೊಡೆ ಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಶಿಫ್ಟ್ ಮುಗಿಯಲಿ ಅಂತ ಕಾಯಬೇಡಿ. ಆ ಕ್ಷಣವೇ ಡಾಕ್ಟರ್ ಹತ್ತಿರ ಹೋಗಿ. ಪೇಷಂಟ್‌ಗೆ ಇದನ್ನೇ ತಾನೇ ನಾವು ಹೇಳೋದು?