ಒಪ್ಪಿಗೆಯೆಂಬುದು ಓಟಿಪಿಯಲ್ಲ

ಮುದ್ದೇಬಿಹಾಳ ತಾಲ್ಲೂಕಿನ ಒಂದು ದವಾಖಾನೆಯಲ್ಲಿ, ಚೀಟಿ ಮಾಡಿಸುವ ಕಿಂಡಿಯ ಮುಂದೆ, ಹಳೆಯ ವರದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು ನಿಂತಿದ್ದ ವೃದ್ಧೆಯೊಬ್ಬಳು, ಗೋವೆಗೆ ದುಡಿಯಹೋದ ಮಗನಿಗೆ ಫೋನು ಹಚ್ಚಿ, "ಯಪ್ಪಾ, ನಂಬರ್ ಬಂದದೇನು? ಜಲ್ದಿ ಹೇಳು, ಹಿಂದ ಮಂದಿ ನಿಂತಾರ" ಎಂದು ಅಂಗಲಾಚಿದುದನ್ನು ನಾನು ಕಂಡಿದ್ದೇನೆ. ಆ ಓಟಿಪಿಯ ಬಲದಿಂದ ಆಕೆಗೆ ಆಭಾ ಎಂಬ ಆರೋಗ್ಯ ಖಾತೆಯ 14 ಅಂಕಿಗಳ ಸಂಖ್ಯೆಯೇನೋ ದೊರೆಯಿತು. ತಾನು ಯಾವುದಕ್ಕೆ ಸಮ್ಮತಿಯಿತ್ತೆನೆಂಬುದನ್ನು ತಿಳಿಯಹೇಳಿದವರು ಮಾತ್ರ ಯಾರೂ ಇರಲಿಲ್ಲ.

ಇಂಥ ಸಂಖ್ಯೆಗೆ ಜೋಡಣೆಯಾಗುವ ರೋಗಿಗಳ ವಿದ್ಯುನ್ಮಾನ ದಾಖಲೆಗಳಿಂದ ಸಂಶೋಧನೆ ನಡೆಯಕೂಡದೆಂಬುದು ನನ್ನ ವಾದವಲ್ಲ. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗವು ಆಸ್ಪತ್ರೆಗಳ ನಿತ್ಯದ ದಾಖಲೆಗಳ ನೆರವಿನಿಂದ, ಅಗ್ಗದ ಡೆಕ್ಸಾಮೆಥಸೋನ್ ಔಷಧವು ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಮರಣವನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸುವುದೆಂದು ಕೆಲವೇ ತಿಂಗಳುಗಳಲ್ಲಿ ತೋರಿಸಿಕೊಟ್ಟಿತು. ಆದರೆ ಅಲ್ಲಿ ರೋಗಿಯನ್ನೋ, ಅವನು ಅಶಕ್ತನಾಗಿದ್ದಾಗ ಅವನ ಪರವಾಗಿ ನಿಲ್ಲಬಲ್ಲವರನ್ನೋ ಕೇಳಿಯೇ ಸೇರಿಸಿಕೊಂಡಿದ್ದರು. ರೋಗಿಗಳ ದಾಖಲೆಗಳನ್ನು ಒಂದೆಡೆ ಕೂಡಿಸಲು, ಜನರ ವಿಶ್ವಾಸವನ್ನು ಗಳಿಸದೆ ಹೊರಟ 'ಕೇರ್ ಡಾಟಾ' ಯೋಜನೆಯನ್ನು ಅದೇ ದೇಶವು 2016ರಲ್ಲಿ ಕೈಬಿಡಬೇಕಾಯಿತು.

ನಮ್ಮಲ್ಲಿಯಾದರೋ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಸಾರಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೆಯ ಕಲಮು ಮಾತ್ರ, ವ್ಯಕ್ತಿವಿಶೇಷನ ಕುರಿತು ನಿರ್ಣಯ ಕೈಗೊಳ್ಳದಿದ್ದಲ್ಲಿ ಮತ್ತು ಸರಕಾರದ ಮಾನದಂಡಗಳನ್ನು ಪಾಲಿಸಿದಲ್ಲಿ, ಸಂಶೋಧನೆಗೆ ಕಾಯ್ದೆಯ ಕಟ್ಟಳೆಗಳಿಂದ ವಿನಾಯಿತಿಯನ್ನಿತ್ತಿದೆ. ಕಾಯ್ದೆ ಬಿಟ್ಟುಕೊಟ್ಟಿತೆಂದ ಮಾತ್ರಕ್ಕೆ ಕೇಳುವ ಧರ್ಮ ಲೋಪವಾಗದು.

ದಾಖಲೆಯಿಂದ ಹೆಸರನ್ನು ಅಳಿಸುತ್ತೇವಲ್ಲ ಎಂಬ ಸಮಾಧಾನವು ಮಹಾನಗರಕ್ಕೆ ಒಪ್ಪೀತು. ನೂರಾರು ಮನೆಗಳ ಹಳ್ಳಿಯಲ್ಲಿ ಊರು, ವಯಸ್ಸು, ರೋಗ, ಹೆರಿಗೆಯ ತಿಂಗಳು ಇಷ್ಟೇ ಉಳಿದರೂ, ಕಟ್ಟೆಯ ಮೇಲೆ ಕುಳಿತವರು ಇಂಥವರ ಸೊಸೆಯೆಂದು ಬೆರಳು ಮಾಡಿ ತೋರಿಸಬಲ್ಲರು. ಕ್ಷಯವೋ ಎಚ್‌ಐವಿಯೋ ಆದಲ್ಲಿ ಆ ಬೆರಳು ಒಂದು ಮನೆತನದ ಸಂಬಂಧಗಳನ್ನೇ ಮುರಿದೀತು.

ಆದುದರಿಂದ ಚಿಕಿತ್ಸೆಗೆ ಒಂದು ಒಪ್ಪಿಗೆ, ಸಂಶೋಧನೆಗೆ ಇನ್ನೊಂದು ಒಪ್ಪಿಗೆ ಎಂಬುದು ನಿಯಮವಾಗಬೇಕು. ಎರಡನೆಯದನ್ನು ಕನ್ನಡದಲ್ಲಿ ಓದಿ ಹೇಳಬೇಕು. ಹಳೆಯ ದಾಖಲೆಗಳಿಗೆ ಒಪ್ಪಿಗೆಯ ವಿನಾಯಿತಿ ನೀಡುವ ನೈತಿಕತಾ ಸಮಿತಿಯಲ್ಲಿ ಇಂಥ ಹಳ್ಳಿಗಳನ್ನು ಬಲ್ಲವರು ಕುಳಿತಿರಬೇಕು. ಕಂಡುಕೊಂಡ ಫಲವು ದಾಖಲೆ ಹುಟ್ಟಿದ ದವಾಖಾನೆಗೇ ಮರಳಿ ಬರಬೇಕು. ಆ ವೃದ್ಧೆ "ಒಲ್ಲೆ" ಎಂದರೂ ಆಕೆಯ ಚೀಟಿ ತಡೆಯದೆ ಮುಂದೆ ಸಾಗುವಂತಾದಾಗಲೇ, ಆಕೆಯ "ಹೂಂ" ಎಂಬುದಕ್ಕೆ ಬೆಲೆ ಬಂದೀತು.